ಕ್ರಮ ಎಂಬ ಹೆಜ್ಜೆ

ಕ್ರಮ ಎಂಬ ಮಾತು ಈಗ ಹೆಚ್ಚಾಗಿ ಕಚೇರಿಯ ಸೊತ್ತು. ಕ್ರಮಸಂಖ್ಯೆ, ಅಕ್ರಮ-ಸಕ್ರಮ, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಭರವಸೆ. ಪೂಜೆಗೂ ಒಂದು ಕ್ರಮ, ಅಡುಗೆಗೂ ಒಂದು ಕ್ರಮ ಎನ್ನುವಾಗಲೂ ಯಾರೋ ಮೊದಲೇ ಗೊತ್ತುಮಾಡಿಟ್ಟ ಏರ್ಪಾಡೇ ನಮ್ಮ ಮನಸ್ಸಿನಲ್ಲಿರುತ್ತದೆ. ಆದರೆ ಸಂಸ್ಕೃತದ ಮೂಲಧಾತುವಿನಲ್ಲಿ ಅದರ ಅರ್ಥ ಹೆಜ್ಜೆಯಿಡುವುದು. ಗಡಿ ದಾಟಿ ಹೆಜ್ಜೆಯಿಟ್ಟರೆ ಅತಿಕ್ರಮ. ಮೂರೇ ಹೆಜ್ಜೆಯಲ್ಲಿ ಲೋಕ ಅಳೆದವನು ತ್ರಿವಿಕ್ರಮ. ಒಬ್ಬ ಸಾಧಕನ ಉಪದೇಶ ಇನ್ನೊಬ್ಬನಿಗೆ ದಾರಿಯ ನಕ್ಷೆಯಾದೀತೇ ಎಂಬ ಹಳೆಯ ಪ್ರಶ್ನೆಗೆ ಈ ಎರಡು ಅರ್ಥಗಳಲ್ಲೇ ಉತ್ತರವಿದೆ. ಉಪದೇಶವನ್ನು ಸಿದ್ಧ ಏರ್ಪಾಡೆಂದು ಹಿಡಿದರೆ ಅದು ಬೇರೆಯವರಿಗೆ ಒದಗದು. ಇಟ್ಟ ಹೆಜ್ಜೆಗಳ ಲೆಕ್ಕವೆಂದು ಹಿಡಿದರೆ ಒದಗುತ್ತದೆ.

ಇದಕ್ಕೆ ಸಾಕ್ಷಿ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆಯ ಅಶೋಕನ ಕಿರುಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳಿಸಿದ, ದೊರೆಯ ಮಾತಿನ ಒಕ್ಕಣೆಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಬರೆದವನು ಚಪಡ. ಅದರಲ್ಲಿ ದೊರೆ ತನ್ನ ಗೆಲುವು ಹೇಳಿಕೊಳ್ಳುವುದಿಲ್ಲ. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಒಂದು ವರ್ಷ ಹೆಚ್ಚೇನೂ ಪ್ರಯತ್ನಪಡಲಿಲ್ಲ, ಸಂಘವನ್ನು ಸೇರಿ ವರ್ಷ ದಾಟಿದ ಈ ಅವಧಿಯಲ್ಲಿ ಚೆನ್ನಾಗಿ ಶ್ರಮಿಸಿದ್ದೇನೆ ಎಂದು ಲೆಕ್ಕ ಒಪ್ಪಿಸುತ್ತಾನೆ. ಈ ಶ್ರಮಕ್ಕೆ ಶಾಸನ ಬಳಸುವ ಪದ ‘ಪಕಮ’, ನಮ್ಮ ಕ್ರಮದ ಧಾತುವಿನಿಂದಲೇ ಹುಟ್ಟಿದ್ದು. ಫಲ ಈ ಪಕಮದ್ದು, ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಶ್ರಮಿಸಿ ಪಡೆಯಬಹುದು, ಇದನ್ನು ಸಾರುವುದೇ ಅದಕ್ಕಾಗಿ ಎನ್ನುತ್ತದೆ ಬಂಡೆ. ತಾನು ಎಡವಿದ ವರ್ಷವನ್ನೂ ಗುರುತು ಹಾಕಿದ್ದರಿಂದಲೇ ಈ ಬರಹ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಅನುಭಾವ ಮಾತಿಗೆ ನಿಲುಕದು, ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಹೇಗೆ ದಾಟೀತು ಎಂದು ಕೇಳುವವರಿದ್ದಾರೆ. ತೂಕದ ಆಕ್ಷೇಪವೇ. ಆದರೆ ಇದೇ ಶಾಸನ ಅದಕ್ಕೆ ಉತ್ತರವನ್ನೂ ಕೊಡುತ್ತದೆ. ಜಂಬೂದ್ವೀಪದ ಮನುಷ್ಯರು ದೇವರೊಡನೆ ಬೆರೆತರು ಎಂಬರ್ಥದ ಮಾತು ಅದರಲ್ಲಿದೆ; ಅದರ ತಾತ್ಪರ್ಯದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಶ್ರಮದ ಬಗ್ಗೆ ಹೇಳಿದ್ದು ಮಾತ್ರ ನಿಚ್ಚಳವಾಗಿದೆ. ಅಂದರೆ ತಲುಪಿದ ಜಾಗದ ವರ್ಣನೆ ಮಸುಕಾದರೂ ನಡೆದ ಬಗೆಯ ವಿವರ ಎರಡು ಸಾವಿರ ವರ್ಷ ಮೀರಿ ಉಳಿಯಬಲ್ಲುದು. ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ: ಓದುವವರಿಲ್ಲದ ನಕ್ಷೆಯಿಂದ ಏನು ಪ್ರಯೋಜನ? ಬ್ರಾಹ್ಮಿ ಲಿಪಿ ಮರೆತುಹೋಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸುವವರೆಗೂ ಒಗಟಾಗಿತ್ತು. ಊರವರಿಗೆ ಬ್ರಹ್ಮಗಿರಿಯ ಬಂಡೆ ಅಕ್ಷರಗುಂಡು ಆಗಿತ್ತು ಅಷ್ಟೆ. ಅಕ್ಷರವಿದೆಯೆಂದು ಗೊತ್ತಿತ್ತು, ಏನೆಂದು ತಿಳಿದಿರಲಿಲ್ಲ. ಬರಹವೊಂದೇ ಸಾಲದೆಂಬುದನ್ನು ಒಪ್ಪಲೇಬೇಕು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವುದರ ಜೊತೆಗೆ ಶಿಷ್ಯ ಗುರುವನ್ನು ಗೌರವಿಸಬೇಕೆಂದು ಆ ಶಾಸನವೇ ವಿಧಿಸುವುದು ಕಾರಣವಿಲ್ಲದೆ ಅಲ್ಲ. ಕಲ್ಲಿನ ಜೊತೆಗೆ ಬಾಯಿಂದ ಬಾಯಿಗೆ ಸಾಗುವ ಪರಂಪರೆಯೂ ಬೇಕು.

ಅಂಥ ಪರಂಪರೆ ಪಕ್ಕದ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವಧೂತ ತಿಪ್ಪೇರುದ್ರಸ್ವಾಮಿಯ ಮಾತು ಓದುಬರಹವಿಲ್ಲದವರ ನಾಲಗೆಯ ಮೇಲೂ ಇದೆ. ಕೆರೆ ಕಟ್ಟಲು ದುಡಿದವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಿಗುತ್ತಿತ್ತೆಂಬ ಐತಿಹ್ಯ ಆ ಮಾತಿಗೆ ಬೆನ್ನೆಲುಬು. ಬರದ ಸೀಮೆಯಲ್ಲಿ ಮಣ್ಣು ಹೊತ್ತವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಅಶೋಕನಿಗೂ ಈ ಅವಧೂತನಿಗೂ ನೇರ ಸಂಬಂಧ ಹುಡುಕುವುದು ಬೇಡ. ಒಂದೇ ನೆಲದಲ್ಲಿ, ಬೇರೆ ಕಾಲದಲ್ಲಿ, ಇಬ್ಬರೂ ಫಲವನ್ನು ಶ್ರಮಕ್ಕೆ ಕಟ್ಟಿದರೆಂಬುದೇ ಮುಖ್ಯ. ಬಡವನಿಗೆ ‘ನೀನು ಮಾಡಿದ್ದು ಇಷ್ಟೇ’ ಎಂದು ಚುಚ್ಚಲು ಈ ಮಾತನ್ನು ಬಳಸುವುದುಂಟು. ಅದು ಮಾತಿನ ದುರ್ಬಳಕೆ. ಸಣ್ಣವನಿಗೂ ದಾರಿ ತೆರೆದಿದೆಯೆಂಬುದು ಅದರ ತಿರುಳು. ಹಾಗಾಗಿ ಯಾವುದೇ ಪ್ರವಚನ ಕೇಳುವಾಗ ಒಂದನ್ನು ಗಮನಿಸಿದರೆ ಸಾಕು: ಹೇಳುವವರು ತಲುಪಿದ ಶಿಖರವನ್ನಷ್ಟೇ ಬಣ್ಣಿಸುತ್ತಿದ್ದಾರೋ, ಅಥವಾ ಎಷ್ಟು ಕಾಲ ಹಿಡಿಯಿತು, ಎಲ್ಲಿ ಎಡವಿದರು, ಮುಂದೇನು ಮಾಡಿದರು ಎಂಬುದನ್ನೂ ತಿಳಿಸುತ್ತಿದ್ದಾರೋ? ಎರಡನೆಯ ಬಗೆಯ ಉಪದೇಶವನ್ನು ನಂಬಿ ಹೊರಡಬಹುದು.