ಮತಾದೋರ್

ಸೆನೆಗಲ್ ದೇಶದ ರ‍್ಯಾಪ್ ಗಾಯಕ, ಸ್ಲ್ಯಾಮ್ ಕವಿ, ಯುವಜನ ಸಂಘಟಕ. ನಿಜನಾಮ ಬಾಬಕಾರ್ ನಿಯಾಂಗ್. ರಾಜಧಾನಿ ಡಾಕಾರ್‌ನ ಹೊರವಲಯದಲ್ಲಿರುವ ಚಾರೋಯ್ ಇವರ ಊರು. ವಾ ಬಿಎಂಜಿ 44 ಎಂಬ ತಂಡದ ಪ್ರಮುಖ ಗಾಯಕರಾಗಿ 1990ರ ದಶಕದಲ್ಲಿ ಹೆಸರಾದ ಇವರು 2006ರಲ್ಲಿ ಪಿಕೀನ್‌ನಲ್ಲಿ ಆಫ್ರಿಕುಲ್ತುರ್ಬಾನ್ ಸಂಸ್ಥೆಯನ್ನು ಕಟ್ಟಿದರು. ಪಶ್ಚಿಮ ಆಫ್ರಿಕದ ಹಿಪ್-ಹಾಪ್ ಕಲಾವಿದರಲ್ಲಿ ರಾಜಕೀಯದ ಬಗ್ಗೆ ಹಾಡಿದವರು ಅನೇಕರಿದ್ದಾರೆ. ತಮ್ಮ ಕೇರಿಯ ಹುಡುಗರಿಗೆ ವರ್ಷಗಟ್ಟಲೆ ಕಸುಬು ಕಲಿಸುವ ನೆಲೆಯೊಂದನ್ನು ಕಟ್ಟಿ ಉಳಿಸಿದವರು ಕಡಿಮೆ.

ಈ ಕೆಲಸದ ಬೆಲೆ ತಿಳಿಯಬೇಕಾದರೆ ಮೊದಲು ಆ ಊರನ್ನು ತಿಳಿಯಬೇಕು. ಡಾಕಾರ್‌ನ ನಡುಭಾಗದ ಬಡ ಕೇರಿಗಳನ್ನು ಎತ್ತಂಗಡಿ ಮಾಡಿದ ಫ್ರೆಂಚ್ ವಸಾಹತು ಆಡಳಿತ 1952ರಲ್ಲಿ ಆ ಜನರನ್ನು ನೆಲೆಗೊಳಿಸಿದ ಜಾಗವೇ ಪಿಕೀನ್. 1970ರ ದಶಕದ ಬರಗಾಲದಲ್ಲಿ ಹಳ್ಳಿಗಳಿಂದ ಗುಳೆ ಬಂದವರೂ ಇಲ್ಲಿಗೇ ಸೇರಿದರು. 2013ರ ಜನಗಣತಿಯ ಹೊತ್ತಿಗೆ ಪಿಕೀನ್ ಆಡಳಿತ ವಿಭಾಗದ ಜನಸಂಖ್ಯೆ ಹತ್ತು ಲಕ್ಷ ದಾಟಿತ್ತು. ಚಾರೋಯ್ ಆಗ ಇದೇ ವಿಭಾಗಕ್ಕೆ ಸೇರಿತ್ತು.

ಚಾರೋಯ್‌ಗೆ ಇನ್ನೂ ಹಳೆಯದೊಂದು ಗಾಯವಿದೆ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿ, ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಬಂದ ಆಫ್ರಿಕನ್ ಸೈನಿಕರು ಅಲ್ಲಿನ ಶಿಬಿರದಲ್ಲಿ ತಮಗೆ ಬರಬೇಕಾದ ಬಾಕಿ ಸಂಬಳ ಕೇಳಿದರು. 1944ರ ಡಿಸೆಂಬರ್ 1ರಂದು ಫ್ರೆಂಚ್ ಸೇನೆ ಅವರ ಮೇಲೆಯೇ ಗುಂಡು ಹಾರಿಸಿತು. ಸತ್ತವರು 35 ಮಂದಿ ಎಂದು ಆಡಳಿತ ಹೇಳಿತು. ನೂರಾರು ಮಂದಿ ಸತ್ತಿರಬಹುದು ಎಂಬುದು ಕೆಲವು ಇತಿಹಾಸಕಾರರ ವಾದ. ಸೆಂಬೆನ್ ಉಸ್ಮಾನ್ ಮತ್ತು ಚೆರ್ನೋ ಫಾಟಿ ಸೋ 1988ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಇದು ಹತ್ಯಾಕಾಂಡವೆಂದು ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಂಡದ್ದು 2024ರಲ್ಲಿ, ಎಂಬತ್ತು ವರ್ಷಗಳ ನಂತರ. ಮತಾದೋರ್ ತಂಡದ ಹೆಸರಿನಲ್ಲಿರುವ 44 ಆ ವರ್ಷದ ನೆನಪು. ಶಾಲೆಯ ಪಾಠದಲ್ಲಿ ಸರಿಯಾಗಿ ಸಿಗದ ಚರಿತ್ರೆಯನ್ನು ಹುಡುಗರ ತಂಡವೊಂದು ತನ್ನ ಹೆಸರಿನಲ್ಲೇ ಹೊತ್ತು ತಿರುಗಿತು.

ಸೆನೆಗಲ್‌ನಲ್ಲಿ ರ‍್ಯಾಪ್ ಬೇರೂರಿದ್ದು 1980ರ ದಶಕದ ಕೊನೆಯಲ್ಲಿ. 1988ರ ಚುನಾವಣೆಯ ಗಲಭೆ ಮತ್ತು ವಿದ್ಯಾರ್ಥಿ ಮುಷ್ಕರಗಳಿಂದಾಗಿ ಒಂದಿಡೀ ಶೈಕ್ಷಣಿಕ ವರ್ಷವೇ ರದ್ದಾಗಿತ್ತು. ಮರುವರ್ಷ ದಿದಿಯೆ ಅವಾದಿ ಮತ್ತು ಡಗ್ಗಿ ಟೀ ಸೇರಿ ಪಾಸಿಟಿವ್ ಬ್ಲ್ಯಾಕ್ ಸೋಲ್ ತಂಡವನ್ನು ಕಟ್ಟಿದರು. ಈ ಮೊದಲ ತಲೆಮಾರಿನ ಬಹುಪಾಲು ಗಾಯಕರು ನಗರದ ಅನುಕೂಲಸ್ಥ ಬಡಾವಣೆಗಳವರು. ಅವರ ಬೆನ್ನಿಗೇ ಹೊರವಲಯದ ಹುಡುಗರು ವೊಲೊಫ್ ಭಾಷೆಯಲ್ಲಿ, ಸಿಟ್ಟನ್ನು ಮುಚ್ಚಿಡದ ಬಿರುಸಾದ ರ‍್ಯಾಪ್ ಹಿಡಿದು ಬಂದರು. ವಾ ಬಿಎಂಜಿ 44 ಈ ಧಾರೆಯದು. ನಿರುದ್ಯೋಗ, ಆಳುವವರ ಬೇಜವಾಬ್ದಾರಿ, ಹೊರವಲಯದವರೆಂದರೆ ಪುಂಡರು ಎಂಬ ನಗರದ ತಾತ್ಸಾರ, ಇವೇ ಅದರ ಹಾಡುಗಳ ವಸ್ತು. ಮತಾದೋರ್ ಮುಂದೆ ಒಂಟಿಯಾಗಿಯೂ ಹಾಡಿದರು; ವಾದ್ಯದ ಹಂಗಿಲ್ಲದೆ ಮಾತನ್ನೇ ಲಯವಾಗಿಸುವ ಸ್ಲ್ಯಾಮ್ ಕಾವ್ಯವನ್ನೂ ತಮ್ಮದಾಗಿಸಿಕೊಂಡರು.

2005ರ ಆಗಸ್ಟ್ ತಿಂಗಳ ಮಳೆ ಪಿಕೀನ್, ಚಾರೋಯ್ ಊರುಗಳನ್ನು ಮುಳುಗಿಸಿತು. ಅದನ್ನು ಬರೀ ಪ್ರಕೃತಿ ವಿಕೋಪವೆನ್ನಲಾಗದು. ಬರಗಾಲದಲ್ಲಿ ಬತ್ತಿದ ಕೊಳ, ತಗ್ಗುಗಳಲ್ಲಿ ಮನೆಗಳೆದ್ದಿದ್ದವು. ಚಾರೋಯ್‌ನ ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿದ್ದರಿಂದ ನಗರಕ್ಕೆ ಅಲ್ಲಿಂದ ನೀರೆತ್ತುವುದನ್ನು ಕಡಿಮೆ ಮಾಡಲಾಗಿತ್ತು. ಹೀಗೆ ಮೇಲೇರಿದ ಅಂತರ್ಜಲಕ್ಕೆ ಮಳೆ ನೀರೂ ಸೇರಿದಾಗ ಅದು ಹರಿದುಹೋಗಲು ದಾರಿಯಿರಲಿಲ್ಲ. ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಈ ಸಂಕಟ ಮತಾದೋರ್ ಅವರ ಹಾಡಿಗೂ ಬಂತು.

ಮರುವರ್ಷವೇ ಅವರು ಅಮಾದು ಫಾಲ್ ಬಾ ಮೊದಲಾದ ಗೆಳೆಯರೊಡನೆ ಪಿಕೀನ್‌ನ ಲಿಯೋಪೋಲ್ಡ್ ಸೆಡಾರ್ ಸೆಂಗೋರ್ ಸಾಂಸ್ಕೃತಿಕ ಕೇಂದ್ರದಲ್ಲಿ ಆಫ್ರಿಕುಲ್ತುರ್ಬಾನ್ ಆರಂಭಿಸಿದರು. ಪ್ರತಿಭೆ ಇದ್ದವರೂ ಸ್ಟುಡಿಯೋ, ವೇದಿಕೆ, ತರಬೇತಿ ಎಲ್ಲಕ್ಕೂ ನಡುನಗರಕ್ಕೆ ಅಲೆಯಬೇಕಾಗಿದ್ದ ಕಾಲ ಅದು. ಸಂಸ್ಥೆ ನಡೆಸುವ ಫೆಸ್ತಾ 2 ಎಚ್ ಎಂಬ ಹಿಪ್-ಹಾಪ್ ಉತ್ಸವ ಹೊರದೇಶಗಳ ಕಲಾವಿದರನ್ನೂ ಪಿಕೀನ್‌ಗೆ ಕರೆತಂದಿತು. ಉತ್ಸವಕ್ಕಿಂತ ದೊಡ್ಡದು ಹಿಪ್-ಹಾಪ್ ಅಕಾಡೆಮಿಯ ಕೆಲಸ. ಡಿಜೆ ವಿದ್ಯೆ, ಧ್ವನಿಮುದ್ರಣ, ವಿಡಿಯೋ, ಗ್ರಾಫಿಕ್ ವಿನ್ಯಾಸ, ಕಾರ್ಯಕ್ರಮ ನಿರ್ವಹಣೆ ಇಲ್ಲಿನ ಪಾಠಗಳು. ಶಾಲೆ ಬಿಟ್ಟವರಿಗೂ ಇಲ್ಲಿ ಜಾಗವಿದೆ. ಜೈಲಿನಿಂದ ಹೊರಬಂದ ಹರೆಯದವರನ್ನು ಮತ್ತೆ ದುಡಿಮೆಗೆ ಹಚ್ಚುವ ಕೆಲಸವನ್ನೂ ಸಂಸ್ಥೆ ವಹಿಸಿಕೊಂಡಿತು. ಹತ್ತು ಮಂದಿ ರ‍್ಯಾಪ್ ಕಲಿತರೆ ಗಾಯಕರಾಗಿ ಬದುಕು ಕಟ್ಟಿಕೊಳ್ಳುವವರು ಒಬ್ಬರೋ ಇಬ್ಬರೋ. ಕ್ಯಾಮೆರಾ ಹಿಡಿಯಲು, ಧ್ವನಿ ಸಂಯೋಜಿಸಲು, ಭಿತ್ತಿಪತ್ರ ವಿನ್ಯಾಸ ಮಾಡಲು ಕಲಿತವರಿಗೆ ಹೊಟ್ಟೆಪಾಡಿನ ದಾರಿ ಹೆಚ್ಚು. ಈ ಸತ್ಯವನ್ನು ಮುಚ್ಚಿಡದೆ ಪಾಠಕ್ರಮ ರೂಪಿಸಿದ್ದು ಸಂಸ್ಥೆಯ ಪ್ರಾಮಾಣಿಕತೆ.

ಗಂಡುಮಕ್ಕಳದೇ ಕಾರುಬಾರಾಗಿದ್ದ ಈ ಲೋಕದಲ್ಲಿ ಹೆಣ್ಣುಮಕ್ಕಳಿಗೂ ಇಲ್ಲಿ ನೆಲೆ ಸಿಕ್ಕಿತು. ಸೆನೆಗಲ್‌ನ ಮೊದಲ ಮಹಿಳಾ ಗ್ರಾಫಿಟಿ ಕಲಾವಿದೆ ಎಂದು ಹೆಸರಾದ ಝೈನಿಕ್ಸ್ (ಜೈನಬಾ ಸಿದಿಬೆ) ಇಲ್ಲೇ ಕೆಲಸ ಮಾಡುತ್ತ ಬೆಳೆದವರು.

2011ರ ಜನವರಿಯಲ್ಲಿ ಕಾವ್ಲಾಕ್ ಊರಿನ ಕ್ಯೂರ್ ಗಿ ತಂಡದ ರ‍್ಯಾಪರ್‌ಗಳು ಪತ್ರಕರ್ತ ಗೆಳೆಯರೊಡನೆ ಯೆನ್ ಆ ಮಾರ್ ಚಳವಳಿ ಹೂಡಿ ಯುವಜನರನ್ನು ಬೀದಿಗೂ ಮತಗಟ್ಟೆಗೂ ತಂದರು; ಮರುವರ್ಷ ಅಧ್ಯಕ್ಷ ಅಬ್ದುಲಾಯ್ ವಾದ್ ಚುನಾವಣೆಯಲ್ಲಿ ಸೋತರು. ಜಗತ್ತಿನ ಪತ್ರಿಕೆಗಳು ಸೆನೆಗಲ್‌ನ ರ‍್ಯಾಪನ್ನು ಗುರುತಿಸಿದ್ದು ಹೆಚ್ಚಾಗಿ ಈ ಹೋರಾಟದಿಂದ. ಮತಾದೋರ್ ಅವರ ದಾರಿಗೆ ಅಷ್ಟು ಪ್ರಚಾರ ಸಿಗಲಿಲ್ಲ, ಆದರೆ ಚುನಾವಣೆ ಮುಗಿದ ಮೇಲೂ ಆಫ್ರಿಕುಲ್ತುರ್ಬಾನ್‌ನಲ್ಲಿ ಪಾಠ ನಡೆಯುತ್ತಲೇ ಇತ್ತು. ಮುಂದೆ ಡಾಕಾರ್ ನಗರಾಡಳಿತ ವಾಕಾಮ್‌ನಲ್ಲಿ ನಗರ ಸಂಸ್ಕೃತಿಗಳ ಭವನವನ್ನು ತೆರೆದಾಗ ಅದರ ನಿರ್ದೇಶಕರಾದವರು ಪಿಕೀನ್‌ನಲ್ಲಿ ಮತಾದೋರ್ ಜೊತೆ ದುಡಿದ ಅಮಾದು ಫಾಲ್ ಬಾ.