ಅಪ್ಪನ ಯೆಜ್ಡಿ ಮತ್ತು ಕಟೌಟ್ ಪೆಟ್ಟಿಗೆ

ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸ್ತಾ ಇದ್ರೆ ಮೊದಲು ಸೈಡಿಗೆ ನಿಲ್ಲಿಸಿ, ಆಮೇಲೆ ಕೇಳಿ. ಇವತ್ತಿನ ಕತೆ ಬೈಕಿನದೇ. ನಿಜ ಹೇಳಬೇಕಂದ್ರೆ, ಬೈಕಿನೊಳಗಿನ ಒಂದು ಸಣ್ಣ ಪೆಟ್ಟಿಗೆಯದು. ಪುಸ್ತಕದಲ್ಲಿ ಅದಕ್ಕೆ ವೋಲ್ಟೇಜ್ ರೆಗ್ಯುಲೇಟರ್ ಅಂತಾರೆ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಅದರ ಹೆಸರು ‘ಕಟೌಟ್’.

ನಮ್ಮ ಮನೆ ಕೊಟ್ಟೂರಲ್ಲಿ. ಹಿತ್ತಲಲ್ಲಿ ಅಪ್ಪನ ಯೆಜ್ಡಿ ನಿಂತಿದೆ, 1976ರ ಮಾಡೆಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಪ್ಪ ಹೂವಿನ ವ್ಯಾಪಾರ ಮಾಡ್ತಿದ್ದ ಕಾಲದಲ್ಲಿ ಹಡಗಲಿಗೆ ಹೋಗಿ ಮಲ್ಲಿಗೆ ತರೋದಕ್ಕೆ ಇದೇ ಗಾಡಿ. ಮಲ್ಲಿಗೆ ಬಿಸಿಲು ಕಾಯಲ್ಲ, ಹಾಗಾಗಿ ಕತ್ತಲಲ್ಲೇ ಹೊರಡಬೇಕು. ಮುಂದಿನ ಲೈಟ್ ಮಾತ್ರ ಎಣ್ಣೆ ದೀಪದ ಹಾಗೆ ಹಳದಿ. ಗೇರ್ ಇಳಿಸಿದ್ರೆ ಮಂಕು, ಆಕ್ಸಿಲರೇಟರ್ ಕೊಟ್ರೆ ಚೂರು ಬೆಳಕು. ಒಂದು ರಾತ್ರಿ ಕೂಡ್ಲಿಗಿ ರಸ್ತೇಲಿ ಪೂರ್ತಿ ಆರಿಹೋಗಿ, ಲಾರಿ ಒಂದು ಬರೋವರೆಗೂ ಕಾದು, ಅದರ ಹಿಂದಿನ ಕೆಂಪು ದೀಪ ನೋಡ್ಕೊಂಡು ಅಪ್ಪ ಊರು ಸೇರಿದ್ದ. ಈ ಕತೆ ನಮ್ಮನೇಲಿ ನೂರು ಸಲ ಆಗಿದೆ. ಈಗ ಅಪ್ಪನಿಗೆ ವಯಸ್ಸಾಗಿದೆ, ಕಣ್ಣೂ ಮೊದಲಿನ ಹಾಗಿಲ್ಲ. ಆದ್ರೆ ಗಾಡಿ ಬಿಡಲ್ಲ. ಅದಕ್ಕೇ ಹೋದ ವರ್ಷ ನಾನು ಹಳೇ ಕಟೌಟ್ ತೆಗೆದು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸೋಣ ಅಂತ ತೀರ್ಮಾನ ಮಾಡಿದೆ.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಹಳೇ ಮೇಸ್ತ್ರಿ ಇದಾರೆ. ಅವರ ಮುಂದೆ ವಿಷಯ ಇಟ್ಟೆ. ಅವರು ಸ್ಪ್ಯಾನರ್ ಕೆಳಗಿಟ್ಟು ಕೇಳಿದ್ರು: “ಒಂದೊಂದೇ ಬದಲು ಮಾಡ್ಕೊಂತ ಹೋದ್ರ ಕಡೀಗೆ ಏನ್ ಉಳೀತತಿ ತಮ್ಮಾ?”

ನನಗೆ ಉತ್ತರ ಹೊಳೀಲಿಲ್ಲ. ಇವತ್ತಿನ ಎಪಿಸೋಡ್ ಆ ಪ್ರಶ್ನೆಗೆ ಉತ್ತರ ಹುಡುಕೋ ಪ್ರಯತ್ನ.

ಮೊದಲು ಗಾಡಿ ಎಲ್ಲಿಂದ ಬಂತು ನೋಡೋಣ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಎಂಜಿನಿಯರ್, ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಸೋ ಹಕ್ಕು ಕೊಂಡ್ಕೊಂಡ. ತನ್ನ ಹೆಸರಿನ ‘ಯಾ’, ವಾಂಡರರ್‌ನ ‘ವಾ’ ಸೇರಿಸಿ ‘ಯಾವಾ’ ಅಂತ ಹೆಸರಿಟ್ಟ. ಇಂಗ್ಲಿಷ್ ಅಕ್ಷರದಲ್ಲಿ ಓದಿದ ನಾವು ಅದನ್ನ ಜಾವಾ ಮಾಡ್ಕೊಂಡ್ವಿ.

ಮುಂಬೈನ ಇರಾನಿ ಕುಟುಂಬ ಈ ಬೈಕುಗಳನ್ನ ಭಾರತಕ್ಕೆ ತರಿಸಿ ಮಾರ್ತಿತ್ತು. ಆದ್ರೆ 1950ರ ದಶಕದಲ್ಲಿ ಆಮದಿನ ಮೇಲೆ ಸರ್ಕಾರದ ನಿರ್ಬಂಧಗಳು ಬಿಗಿಯಾದ್ವು. ವಿದೇಶಿ ವಿನಿಮಯ ಕಡಿಮೆ, ಬೇಕಿದ್ರೆ ಇಲ್ಲೇ ತಯಾರಿಸಿ ಅನ್ನೋ ನೀತಿ. ಹಾಗಾಗಿ ರುಸ್ತುಂ ಇರಾನಿ, ಫಾರೂಖ್ ಇರಾನಿ ಸೇರಿ ಮೈಸೂರಲ್ಲಿ ಐಡಿಯಲ್ ಜಾವಾ ಕಂಪನಿ ಶುರು ಮಾಡಿದ್ರು. 1961ರಲ್ಲಿ ಕಾರ್ಖಾನೆ ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರ್. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಸೇರಿಸ್ತೀನಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಹಳೇ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರ ತನಕ ಈ ಸೀಮೆ ಮದ್ರಾಸ್‌ಗೆ ಸೇರಿತ್ತು. ಆಮೇಲೆ ಮೈಸೂರಿಗೆ ಬಂತು. ಅಂದ್ರೆ ಕಾರ್ಖಾನೆ ಬಾಗಿಲು ತೆಗೆದಾಗ ನಾವು ಮೈಸೂರಿನವರಾಗಿ ಬರೀ ಎಂಟು ವರ್ಷ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು. ಅದೇ ವರ್ಷ ಬೈಕಿನ ಹೆಸರೂ ಬದಲಾಗಿ ಯೆಜ್ಡಿ ಆಯ್ತು. ಎರಡಕ್ಕೂ ಸಂಬಂಧ ಇಲ್ಲ ಬಿಡಿ, ಆದ್ರೆ ನೆನಪಿಟ್ಕೊಳ್ಳೋಕೆ ಸುಲಭ.

ಯೆಜ್ಡಿ ನೋಡದವರಿಗೆ ಎರಡು ಮಾತು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ ಹೊಡೆಯೋ ಲಿವರೇ ಗೇರ್ ಲಿವರ್ ಕೂಡ. ಕಿಕ್ ಹೊಡೆದು ಮುಂದಕ್ಕೆ ಮಲಗಿಸಿದ್ರೆ ಗೇರ್ ಆಗುತ್ತೆ. ಎರಡು ಸ್ಟ್ರೋಕಿನ ಎಂಜಿನ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಹೊಲದ ದಾರಿಗೂ ಸೈ, ಮೂಟೆ ಹೇರೋಕೂ ಸೈ.

ಈಗ ಪೆಟ್ಟಿಗೆಗೆ ಬರೋಣ. ಎಂಜಿನ್ ತಿರುಗಿದಾಗ ಡೈನಮೋ ಕರೆಂಟ್ ಹುಟ್ಟಿಸುತ್ತೆ. ಜೋರಾಗಿ ತಿರುಗಿದಷ್ಟೂ ವೋಲ್ಟೇಜ್ ಏರುತ್ತೆ. ಆದ್ರೆ ಬ್ಯಾಟರಿ 6 ವೋಲ್ಟಿನದು. ಚಾರ್ಜ್ ಆಗೋಕೆ 7 ವೋಲ್ಟ್ ಆಸುಪಾಸು ಸಾಕು. ಅದಕ್ಕಿಂತ ತುಂಬಾ ಹೆಚ್ಚಾದ್ರೆ ಒಳಗಿನ ಆಸಿಡ್ ನೀರು ಕುದಿಯುತ್ತೆ, ಬಲ್ಬ್ ಸುಡುತ್ತೆ. ಹಾಗಾಗಿ ವೋಲ್ಟೇಜ್ ಏರಿದ ತಕ್ಷಣ ಡೈನಮೋದ ಫೀಲ್ಡ್ ಕಾಯಿಲ್‌ಗೆ ಹೋಗೋ ಕರೆಂಟ್ ಕಡಿಮೆ ಮಾಡಬೇಕು, ಇಳಿದ ತಕ್ಷಣ ಮತ್ತೆ ಕೊಡಬೇಕು. ಹಳೇ ಪೆಟ್ಟಿಗೇಲಿ ಈ ಕೆಲಸ ಮಾಡೋದು ಒಂದು ಸ್ಪ್ರಿಂಗು, ಒಂದು ತಂತಿ ಸುರುಳಿ, ಒಂದು ಜೊತೆ ಪಾಯಿಂಟ್. ಸುರುಳಿ ಅಯಸ್ಕಾಂತವಾಗಿ ಪಾಯಿಂಟ್ ಎಳೆಯುತ್ತೆ, ಸ್ಪ್ರಿಂಗ್ ವಾಪಸ್ ಎಳೆಯುತ್ತೆ. ಸೆಕೆಂಡಿಗೆ ಎಷ್ಟೋ ಸಲ ಹೀಗೆ ಅದುರ್ತಾ ಇರುತ್ತೆ.

ಇನ್ನೊಂದು ಭಾಗ ನಿಜವಾದ ಕಟೌಟ್. ಬಾವಿಗೆ ಪಂಪ್ ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತಲ್ಲ? ಮೇಲೆ ಬಂದ ನೀರು ವಾಪಸ್ ಇಳೀದ ಹಾಗೆ ತಡೆಯುತ್ತೆ. ಇದೂ ಹಾಗೇ. ಡೈನಮೋ ನಿಂತಾಗ ಬ್ಯಾಟರಿ ಕರೆಂಟ್ ಹಿಂದಕ್ಕೆ ಹರಿದು ಖಾಲಿ ಆಗಬಾರದು, ಅದಕ್ಕೆ ಸಂಪರ್ಕ ಕಡಿಯುತ್ತೆ. ಡೈನಮೋ ಸಾಕಷ್ಟು ಎದ್ದಾಗ ‘ಟಕ್’ ಅಂತ ಕೂಡುತ್ತೆ, ಕೆಂಪು ದೀಪ ಆರುತ್ತೆ.

ಇದು ಆ ಕಾಲದಲ್ಲಿ ಲೋಕದ ತುಂಬಾ ಇದ್ದ ತಂತ್ರ. ಟ್ರಾನ್ಸಿಸ್ಟರ್ ಹುಟ್ಟಿದ್ದೇ 1947ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಅದು ವಾಹನದೊಳಕ್ಕೆ ಬರೋಕೆ ಇನ್ನೂ ವರ್ಷಗಳು ಬೇಕಿತ್ತು. ಹಾಗಾಗಿ ನಲವತ್ತು ವರ್ಷ ದಾಟಿದ ಪೆಟ್ಟಿಗೆ ಕೈ ಕೊಟ್ರೆ ಮಾಡಿದವರನ್ನ ಬೈಯೋ ಹಾಗಿಲ್ಲ. ಪಾಯಿಂಟ್ ಸವೆಯುತ್ತೆ, ಸ್ಪ್ರಿಂಗ್ ಸೋಲುತ್ತೆ, ಧೂಳು ಕೂರುತ್ತೆ. ಅದರ ಆಯಸ್ಸು ಅಷ್ಟು.

ಆ ಆಯಸ್ಸು ಎಳೆದವರು ಮೇಸ್ತ್ರಿಗಳು. ನಮ್ಮ ಮೇಸ್ತ್ರಿ ಪಾಯಿಂಟ್ ಮಧ್ಯೆ ತೆಳು ಉಜ್ಜುಕಾಗದ ಎಳೆದು, ಸ್ಪ್ರಿಂಗ್ ಕೊಂಡಿಯನ್ನ ಕೂದಲೆಳೆಯಷ್ಟು ಬಗ್ಗಿಸಿ, ಸ್ಕ್ರೂಡ್ರೈವರ್‌ನ ತುದಿ ಪೆಟ್ಟಿಗೆಗೆ, ಹಿಡಿ ಕಿವಿಗೆ ಇಟ್ಕೊಂಡು ಕೇಳ್ತಿದ್ರು. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟ ಹಾಗೆ. ‘ಟಕ್’ ಬೇಗ ಬಂತೋ ತಡವಾಗಿ ಬಂತೋ, ಅದರ ಮೇಲೆ ತೀರ್ಮಾನ. ಅವರ ಹತ್ರ ಆಗ ಮೀಟರ್ ಇರಲಿಲ್ಲ.

1980ರ ದಶಕದ ನಡುವಿನಲ್ಲಿ ಜಪಾನ್ ಕಂಪನಿಗಳ ಜೊತೆಗೂಡಿ ತಯಾರಿಸಿದ 100 ಸಿಸಿ ಬೈಕುಗಳು ಬಂದ್ವು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಹಗುರ ಗಾಡಿ, ಅದರಲ್ಲೂ ಸಿಡಿ 100 ಮೈಲೇಜಿಗೆ ಹೆಸರುವಾಸಿ. ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕ ನನಗೆ ಬೇಗ ಅರ್ಥ ಆಗುತ್ತೆ: ದಿನಾ ಪೆಟ್ರೋಲ್ ಹಾಕಿಸೋನಿಗೆ ಭಾವನೆಗಿಂತ ಲೀಟರ್ ಮುಖ್ಯ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಅಲ್ಲಿಗೆ ಹೊಸ ಗಾಡಿ ನಿಂತ್ವು, ಕಂಪನಿಯ ಅಸಲಿ ಬಿಡಿಭಾಗವೂ ನಿಂತ್ವು. ಆದ್ರೆ ರಸ್ತೆ ಮೇಲಿದ್ದ ಗಾಡಿಗಳು ನಿಲ್ಲಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯಿಂದ ಹೊಸ ರೂಪದಲ್ಲಿ ಬಂದ್ವು. ಆ ನಡುವಿನ ಇಪ್ಪತ್ತೆರಡು ವರ್ಷ ಹಳೇ ಗಾಡಿಗಳನ್ನ ಬದುಕಿಸಿದ್ದು ಯಾರು? ಇಂಥ ಮೇಸ್ತ್ರಿಗಳು, ಗುಜರಿ ಅಂಗಡಿಗಳು, ಮತ್ತೆ ಹೊರಗಿನ ಕೈಗಳು ಮಾಡಿದ ಬದಲಿ ಭಾಗಗಳು.

ಬದಲಿ ರೆಗ್ಯುಲೇಟರ್ ಕೂಡ ಅಂಥದ್ದೇ. ಒಳಗೆ ಅಲುಗಾಡೋದು ಏನೂ ಇಲ್ಲ. ಪಾಯಿಂಟ್ ಜಾಗದಲ್ಲಿ ಟ್ರಾನ್ಸಿಸ್ಟರ್, ಕಟೌಟ್ ಜಾಗದಲ್ಲಿ ಡಯೋಡ್. ಕೂಡಿಸೋದು ನೋಡೋಕೆ ಸುಲಭ: ಡೈನಮೋದಿಂದ ಒಂದು ವೈರ್, ಫೀಲ್ಡ್‌ನಿಂದ ಒಂದು, ಬ್ಯಾಟರಿಗೆ ಒಂದು, ಅರ್ಥ್ ಒಂದು. ಆದ್ರೆ ಮೂರು ವಿಷಯ ಮೊದಲು ನೋಡ್ಲೇಬೇಕು. ಒಂದು, ಗಾಡಿ 6 ವೋಲ್ಟಿಂದೋ 12 ವೋಲ್ಟಿಂದೋ. ಎರಡು, ಬ್ಯಾಟರಿಯ ಯಾವ ತುದಿ ಚಾಸಿಸ್‌ಗೆ ಹೋಗಿದೆ. ಹಳೇ ಬ್ರಿಟಿಷ್ ಬೈಕುಗಳಲ್ಲಿ ಎಷ್ಟೋ ಸಲ ಪ್ಲಸ್ಸೇ ಅರ್ಥ್ ಆಗಿರುತ್ತೆ. ಮೂರು, ಫೀಲ್ಡ್ ಕಾಯಿಲ್‌ನ ಇನ್ನೊಂದು ತುದಿ ಡೈನಮೋ ಒಳಗೆ ಅರ್ಥ್‌ಗೆ ಸೇರಿದೆಯೋ, ಪ್ಲಸ್‌ಗೆ ಸೇರಿದೆಯೋ. ಎರಡಕ್ಕೂ ಬೇರೆ ಬೇರೆ ರೆಗ್ಯುಲೇಟರ್.

ಇಷ್ಟೆಲ್ಲ ನಿಮಗೆ ಹೇಳೋ ನಾನು ಮೊದಲನೇದನ್ನ ಸುಟ್ಟೆ. ಮೇಸ್ತ್ರಿಗೆ ಹೇಳದೆ ಮನೇಲೇ ಕೂತು ಮಾಡಿದೆ. ಇಷ್ಟು ವರ್ಷದಲ್ಲಿ ಯಾರ್ಯಾರೋ ಬದಲಿಸಿದ ವೈರುಗಳು, ಎಲ್ಲ ಕಪ್ಪು. ಪ್ಲಸ್ಸು ಮೈನಸ್ಸು ಅದಲು ಬದಲಾಯ್ತು. ಒಂದು ಸಣ್ಣ ವಾಸನೆ, ಅಷ್ಟೇ. ಹಳೇ ಪೆಟ್ಟಿಗೆ ಕೆಟ್ರೆ ಬಿಚ್ಚಿ ಉಜ್ಜಬಹುದು. ಹೊಸದು ಸುಟ್ರೆ ಬಿಸಾಕಬೇಕು. ಮೇಸ್ತ್ರಿಯ ಪ್ರಶ್ನೆ ಆವತ್ತು ಸ್ವಲ್ಪ ಅರ್ಥ ಆಯ್ತು.

ಎರಡನೇದನ್ನ ತಗೊಂಡು ಅವರ ಹತ್ರಾನೇ ಹೋದೆ. ಅವರು ಬೈಲಿಲ್ಲ. ಒಂದೊಂದು ವೈರನ್ನೂ ಕೈಯಲ್ಲಿ ಹಿಡಿದು ಎಲ್ಲಿಂದ ಎಲ್ಲಿಗೆ ಅಂತ ಹುಡುಕಿದ್ರು. ಚಾಸಿಸ್ ಮೇಲಿನ ಬಣ್ಣ ಕೆರೆದು ಅರ್ಥ್ ಗಟ್ಟಿ ಮಾಡಿದ್ರು. ಡೈನಮೋದ ಕಾರ್ಬನ್ ಬ್ರಷ್ ಸವೆದಿದ್ದು ನೋಡಿ ಬದಲಿಸಿದ್ರು. ಡೈನಮೋನೇ ಸೋತಿದ್ರೆ ಯಾವ ರೆಗ್ಯುಲೇಟರ್ ಹಾಕಿದ್ರೂ ಪ್ರಯೋಜನ ಇಲ್ಲ ಅಂದ್ರು. ಆ ಕೆಲಸ ಯಾವ ಹೊಸ ಪೆಟ್ಟಿಗೆಯೂ ಮಾಡಲ್ಲ. ಗಾಡಿ ಸ್ಟಾರ್ಟ್ ಆಯ್ತು, ಕೆಂಪು ದೀಪ ಆರಿತು. ಮೀಟರಲ್ಲಿ 7 ವೋಲ್ಟ್, ಆಕ್ಸಿಲರೇಟರ್ ಏರಿಸಿದ್ರೂ ಅಲ್ಲೇ ನಿಂತಿತ್ತು. ಅಭ್ಯಾಸಬಲದಿಂದ ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಕಿವಿ ಕೊಟ್ರು. “ಏನೂ ಮಾತಾಡವಲ್ದು ಇದು” ಅಂದ್ರು.

ಕಳೆದುಹೋಗಿದ್ದು ಅದೇ ಅನ್ಸುತ್ತೆ. ಬೆಳಕು ಸಿಕ್ತು, ಕೇಳಿಸ್ಕೊಳ್ಳೋ ವಿದ್ಯೆಗೆ ಕೆಲಸ ಇಲ್ಲವಾಯ್ತು. ಎರಡೂ ನಿಜ. ನಾನು ಬೆಳಕನ್ನ ಆರಿಸ್ಕೊಂಡೆ, ಯಾಕಂದ್ರೆ ಗಾಡಿ ಮೇಲೆ ಕೂರೋದು ನಮ್ಮಪ್ಪ. ಪ್ರಾಮಾಣಿಕವಾಗಿ ಹೇಳ್ತೀನಿ, ಗಾಡಿ ಐಡ್ಲಿಂಗಲ್ಲಿದ್ದಾಗ ಲೈಟ್ ಈಗಲೂ ಮಂಕೇ, ಡೈನಮೋದ ಶಕ್ತಿ ಅಷ್ಟೇ. ಓಡುವಾಗ ಮಾತ್ರ ಸ್ಥಿರವಾಗಿ ಉರಿಯುತ್ತೆ.

ಏನು ಉಳೀತು ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇದು. ಹರಪನಹಳ್ಳಿಯವರನ್ನ ಕೇಳಿ. ಬಳ್ಳಾರಿ ಜಿಲ್ಲೆ ಆಗಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯ್ತು. ನಮ್ಮ ಕೊಟ್ಟೂರು ಕೂಡ ಕೂಡ್ಲಿಗಿ ತಾಲೂಕಿನಿಂದ ಬೇರೆಯಾಗಿ ತಾಲೂಕಾಯ್ತು. ಬೋರ್ಡು ಬದಲಾಯ್ತು, ಊರು ಹರಪನಹಳ್ಳಿಯೇ, ಕೊಟ್ಟೂರೇ. ಯಾಕಂದ್ರೆ ಅಲ್ಲಿ ಜನ ಬದುಕ್ತಾ ಇದಾರೆ. ಗಾಡಿನೂ ಓಡ್ತಾ ಇರೋತನಕ ಅದು ಅಪ್ಪನ ಯೆಜ್ಡಿನೇ. ಅಸಲಿ ಭಾಗ ಎಲ್ಲ ಇಟ್ಕೊಂಡು ಮೂಲೇಲಿ ತುಕ್ಕು ಹಿಡಿದ್ರೆ ಅದು ಬರೀ ಕಬ್ಬಿಣ.

ಹಳೇ ಕಟೌಟ್ ನಾನು ಬಿಸಾಕಿಲ್ಲ. ಮೇಸ್ತ್ರಿ ಅದನ್ನ ಹೇಗೆ ಟ್ಯೂನ್ ಮಾಡ್ತಾರೆ ಅನ್ನೋದನ್ನ ಫೋನಲ್ಲಿ ವಿಡಿಯೋ ಮಾಡ್ಕೊಂಡಿದೀನಿ, ಒಂದು ಗಂಟೆ ಹದಿನೆಂಟು ನಿಮಿಷ. ನಿಮ್ಮೂರಲ್ಲೂ ಇಂಥ ಮೇಸ್ತ್ರಿ ಇದ್ರೆ ಈ ಭಾನುವಾರ ಹೋಗಿ, ಮಂಡಕ್ಕಿ ಮಿರ್ಚಿ ತಗೊಂಡು ಹೋಗಿ, ಕೂತು ರೆಕಾರ್ಡ್ ಮಾಡಿ. ಕಾರ್ಖಾನೆಯ ಇತಿಹಾಸ ಎಲ್ಲಾದ್ರೂ ಸಿಗುತ್ತೆ. ಇವರದ್ದು ಇವರ ಕಿವೀಲಿ ಮಾತ್ರ ಇದೆ.

ಕೊನೇದು ಒಂದು. ರೆಗ್ಯುಲೇಟರ್ ಹಾಕಿದ ರಾತ್ರಿ ಅಪ್ಪ ಗಾಡಿ ಓಡಿಸ್ಕೊಂಡು ಮನೆಗೆ ಬಂದಾಗ ಅಮ್ಮ ಕಿಟಕೀಲಿ ಬೆಳಕು ನೋಡಿ, “ಯಾರೋ ಬಂದ್ರು ನೋಡು” ಅಂದಳು. ಆಮೇಲೆ ಸೈಲೆನ್ಸರ್ ಸದ್ದು ಕೇಳಿ ನಕ್ಕಳು.

ಮುಂದಿನ ವಾರ ಸಿಗೋಣ. ನಮಸ್ಕಾರ.