ಸಿಹಿಗುಂಬಳದ ಗೊಜ್ಜು

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ಕಳ್ಳನು ಹೆಗಲನ್ನೇ ಏಕೆ ಮುಟ್ಟಿಕೊಂಡನು? ಇಂದು ಗೊಜ್ಜಿಗೆ ಹೆಚ್ಚುವ ಸಿಹಿಗುಂಬಳವನ್ನು ಹೊತ್ತವನ ಹೆಗಲಿಗೆ ಏನೂ ಅಂಟುವುದಿಲ್ಲ. ಬಲಿತ ಬೂದುಗುಂಬಳವನ್ನು ಹೊತ್ತರೆ ಮಾತ್ರ ಅದರ ಮೈಮೇಲಣ ಬಿಳಿಯ ಬೂದಿಯು ಗುರುತಾಗಿ ಉಳಿಯುವುದು. ಗಾದೆಯು ರೂಢಿಗೆ ಬಂದಾಗ ಬರಿಯ ‘ಕುಂಬಳ’ವೆಂದರೆ ಬೂದುಗುಂಬಳವೇ ಆಗಿದ್ದಿತೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಸಂಸ್ಕೃತದ ಕೂಷ್ಮಾಂಡವೂ ಇದೇ. ಸಿಹಿಗುಂಬಳದ ತವರಾದರೋ ಅಮೆರಿಕ ಖಂಡ. ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದ ಗವಿಯೊಂದರಲ್ಲಿ ಈ ಕುಲದ ಬೀಜಗಳು ದೊರೆತಿದ್ದು, ಅವು ಸುಮಾರು 10,000 ವರ್ಷಗಳಷ್ಟು ಪ್ರಾಚೀನವೆಂದು ನಿರ್ಣಯಿಸಲ್ಪಟ್ಟಿವೆ. 1492ರಲ್ಲಿ ಕೊಲಂಬಸನು ಅಮೆರಿಕಕ್ಕೆ ದಾರಿ ತೆರೆದನು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು. 1510ರಲ್ಲಿ ಗೋವೆಯನ್ನು ಹಿಡಿದರು. ಅಮೆರಿಕದ ಕಾಯಿಪಲ್ಯಗಳು ನಮ್ಮ ನಾಡಿಗೆ ಬಂದುದು ಆಮೇಲಿನ ಮಾತು.

ಹೊಸದನ್ನು ಹಳೆಯದರ ಹೆಸರಿನಿಂದ ಕರೆದು ಒಂದು ಮಾತನ್ನು ಕೂಡಿಸುವುದು ಜನರ ವಾಡಿಕೆ. ಕುಂಬಳಕ್ಕೆ ‘ಸಿಹಿ’ ಸೇರಿತು. ಕ್ರಮೇಣ ಮನೆಯ ಹಿರಿಯನಿಗೂ ‘ಬೂದು’ ಎಂಬ ವಿಶೇಷಣ ಬೇಕಾಯಿತು. ಖಾರದ ಮೆಣಸನ್ನು ಹೋಲಿದ ಹೊಸ ಕಾಯಿಯು ಮೆಣಸಿನಕಾಯಿಯಾಯಿತು. ಅಮೆರಿಕದ್ದೇ ಆದ ಪಪಾಯವು ಪರಂಗಿಹಣ್ಣಾಯಿತು. ತಮಿಳರು ಸಿಹಿಗುಂಬಳವನ್ನೇ ಪರಂಗಿಕ್ಕಾಯ್ ಎಂದರು.

ಈ ಹೊಸಬರು ಹಳಬರೊಡನೆ ಒಂದೇ ಪಾತ್ರೆಯಲ್ಲಿ ಕೂಡುವುದು ಗೊಜ್ಜಿನಲ್ಲಿ. ಅರ್ಧ ಕಿಲೋ ಕುಂಬಳದ ಹೋಳುಗಳನ್ನು ಅರಿಸಿನ, ಉಪ್ಪು, ಸ್ವಲ್ಪ ನೀರಿನೊಡನೆ ಮೆತ್ತಗಾಗುವವರೆಗೆ ಬೇಯಿಸಬೇಕು. ನೆಲ್ಲಿಕಾಯಿ ಗಾತ್ರದ ಹುಣಸೆಯ ರಸವನ್ನು ಹಾಕುವುದು ಆಮೇಲೆಯೇ. ಮೊದಲೇ ಹುಳಿ ಬಿದ್ದರೆ ಹೋಳು ಬೇಗನೆ ಮೆತ್ತಗಾಗದು. ಹುರಿದ ಉದ್ದಿನಬೇಳೆ, ಕೊತ್ತಂಬರಿ, ಕೆಲವು ಕಾಳು ಮೆಂತ್ಯ, ಎಳ್ಳು, ಒಣಮೆಣಸಿನಕಾಯಿಗಳನ್ನು ಕೊಬ್ಬರಿಯೊಡನೆ ಅರೆದು ಸೇರಿಸಿ ಕುದಿಸುವುದು. ಕಾಯಿಯೇ ಸಿಹಿಯಾದುದರಿಂದ ಬೆಲ್ಲ ಚೂರು ಸಾಕು. ಕಡೆಗೆ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಮಜ್ಜಿಗೆಹುಳಿಗೆ ಮೊಸರು ಹೇಗೋ ಇದಕ್ಕೆ ಹುಣಸೆ ಹಾಗೆ. ಮಸೆದ ತಿರುಳೇ ಮಂದತೆಯನ್ನು ಕೊಡುವುದರಿಂದ ಹಾಲು, ಮೊಸರು, ತುಪ್ಪ ಯಾವುದರ ಅಗತ್ಯವೂ ಇಲ್ಲ.

ಇದರಲ್ಲಿ ಕುಂಬಳ, ಮೆಣಸಿನಕಾಯಿಗಳು ಕಡಲಾಚೆಯಿಂದ ಬಂದವು. ಹುಣಸೆಯೂ ಮೂಲತಃ ಆಫ್ರಿಕದ್ದೇ. ಬಹು ಪೂರ್ವದಲ್ಲಿಯೇ ಬಂದುದರಿಂದ ಅದರ ಹೆಸರಿನಲ್ಲಿ ಪರಕೀಯತೆಯ ಗುರುತು ಉಳಿದಿಲ್ಲ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿಯನ್ನು ಬಿಟ್ಟು ಕಾಳುಮೆಣಸನ್ನೇ ಬಳಸುವರು. ಆ ಒಂದು ದಿನ ಒಲೆಯು ಹಿಂದಿನ ಕಾಲಕ್ಕೆ ಮರಳುತ್ತದೆ.

ಈ ವಿಚಾರವು ಅಡಿಗೆಮನೆಗೆ ಮಾತ್ರ ಸೇರಿದುದಲ್ಲ. 11ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವನ್ನಾಗಲಿ, 12ನೆಯ ಶತಮಾನದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವನ್ನಾಗಲಿ, 16ನೆಯ ಶತಮಾನದ ಆದಿಯ ಮಂಗರಸನ ಸೂಪಶಾಸ್ತ್ರವನ್ನಾಗಲಿ ಓದುವವರು ಪದದ ಹಿಂದಿನ ಪದಾರ್ಥವನ್ನು ಕಾಣಬೇಕು. ಇಂದಿನ ಸಂತೆಯ ಕಾಯನ್ನು ಅಂದಿನ ಎಲೆಗೆ ಬಡಿಸಿದರೆ ಅರ್ಥವೂ ಕೆಡುವುದು, ಚರಿತ್ರೆಯೂ ಕೆಡುವುದು. ಗೊಜ್ಜಿಗೆ ಮಾತ್ರ ಕೇಡಿಲ್ಲ. ಅತಿಥಿಯಾಗಿ ಬಂದುದು ಅದರಲ್ಲಿ ಮನೆಯದೇ ಆಗಿ ಬೆಂದಿದೆ.